ವರ್ಷದ ಅತ್ಯುತ್ತಮ ಸಿಗಾರುಗಳ ಪಟ್ಟಿ: ಪದೇ ಪದೇ ಕೇಳುವ ಪ್ರಶ್ನೆಗಳು

ಪ್ರತಿ ವರ್ಷದ ಕೊನೆಯಲ್ಲಿ ಸಿಗಾರ್ ಪತ್ರಿಕೆಗಳು ಆ ವರ್ಷದ ಅತ್ಯುತ್ತಮ ಸಿಗಾರುಗಳ ಪಟ್ಟಿಯನ್ನು ಪ್ರಕಟಿಸುತ್ತವೆ. ಮೊದಲ ಸ್ಥಾನ ಯಾವುದಕ್ಕೆ ಸಿಕ್ಕಿತೆಂಬುದು ಕೂಡಲೇ ಎಲ್ಲರಿಗೂ ತಿಳಿಯುತ್ತದೆ. ಅದು ಹೇಗೆ ಸಿಕ್ಕಿತು, 92 ಅಂಕಕ್ಕೂ 96 ಅಂಕಕ್ಕೂ ನಡುವೆ ಇರುವುದೇನು ಎಂಬುದನ್ನು ವಿಚಾರಿಸುವವರು ಕಡಿಮೆ. ನಾನು ಹುಣಸೂರು ಸೀಮೆಯ ಹೊಗೆಸೊಪ್ಪು ಬೆಳೆಯುವ ಮನೆಯಲ್ಲಿ ಬೆಳೆದವನು. ಹರಾಜಿಗೆ ಒಯ್ಯುವ ಮುನ್ನ ಸೊಪ್ಪನ್ನು ದರ್ಜೆವಾರು ಬೇರ್ಪಡಿಸುವುದನ್ನು ಚಿಕ್ಕಂದಿನಿಂದ ನೋಡಿದ್ದರಿಂದ, ಸಿಗಾರಿಗೆ ಕೊಡುವ ಅಂಕವೆಂದರೆ ಮೊದಲಿಗೆ ಎಲೆಗೆ ಮತ್ತು ಎಲೆಯನ್ನು ಹದ ಮಾಡಿದ ಕೈಗಳಿಗೆ ಕೊಟ್ಟ ಅಂಕ ಎಂದೇ ನಾನು ಭಾವಿಸುತ್ತೇನೆ. ಈ ಪಟ್ಟಿಗಳ ಬಗ್ಗೆ ಪರಿಚಿತರು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳಿಗೆ ಆ ನೆಲೆಯಿಂದಲೇ ಇಲ್ಲಿ ಉತ್ತರಿಸಿದ್ದೇನೆ.

ಯಾವ ಸಿಗಾರನ್ನು ಪ್ರೀಮಿಯಂ ಎನ್ನುತ್ತಾರೆ?

ಕತ್ತರಿಸಿದ ಚೂರುಸೊಪ್ಪನ್ನು ತುಂಬಿ ಯಂತ್ರದಲ್ಲಿ ಸುತ್ತಿದ ಸಿಗಾರುಗಳು ಪ್ರಪಂಚದಲ್ಲಿ ಹೇರಳವಾಗಿವೆ, ಆದರೆ ಅವು ಈ ಪಟ್ಟಿಗಳ ಪರಿಗಣನೆಗೆ ಬರುವುದಿಲ್ಲ. ಪ್ರೀಮಿಯಂ ಸಿಗಾರಿನಲ್ಲಿ ಕಾಗದವಿರುವುದಿಲ್ಲ, ಹೊಗೆಸೊಪ್ಪು ಮಾತ್ರ ಇರುತ್ತದೆ. ಒಳಗಿನ ಎಲೆಗಳು ಸಿಗಾರಿನ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಉದ್ದಕ್ಕೆ ಇರುತ್ತವೆ. ಸುತ್ತುವ ಕೆಲಸ ಕೈಯಿಂದಲೇ ಆಗಿರುತ್ತದೆ. ಒಂದು ಸಿಗಾರಿಗೆ ಮೂರು ಭಾಗ: ಫಿಲ್ಲರ್ ಎನ್ನುವ ಒಳಸೊಪ್ಪು, ಅದನ್ನು ಹಿಡಿದಿಡುವ ಬೈಂಡರ್, ಎಲ್ಲಕ್ಕಿಂತ ಹೊರಗೆ ಕಣ್ಣಿಗೆ ಕಾಣುವ ರ‍್ಯಾಪರ್.

ಒಳಸೊಪ್ಪಿನಲ್ಲೂ ಭೇದಗಳಿವೆ. ಗಿಡದ ಕೆಳಭಾಗದ ಎಲೆಯನ್ನು ವೊಲಾದೊ ಎನ್ನುತ್ತಾರೆ, ಅದು ಚೆನ್ನಾಗಿ ಉರಿಯುತ್ತದೆ. ನಡುಭಾಗದ ಸೆಕೊ ಪರಿಮಳ ಕೊಡುತ್ತದೆ. ಮೇಲ್ಭಾಗದಲ್ಲಿ ಹೆಚ್ಚು ಬಿಸಿಲುಂಡು ದಪ್ಪವಾದ ಲಿಹೇರೊ ಘಾಟನ್ನೂ ಬಲವನ್ನೂ ಕೊಡುತ್ತದೆ, ಆದರೆ ನಿಧಾನವಾಗಿ ಉರಿಯುತ್ತದೆ. ಹವಾನಾದಲ್ಲಾಗಲಿ ನಿಕರಾಗುವದ ಎಸ್ತೆಲಿಯಲ್ಲಾಗಲಿ, ತೊರ್ಸೆದೋರ್ ಎಂದು ಕರೆಯಲಾಗುವ ಸುತ್ತುಗಾರರು ಲಿಹೇರೊ ಎಲೆಯನ್ನು ನಟ್ಟನಡುವೆ ಇಟ್ಟು, ಉಳಿದವನ್ನು ಹೊಗೆ ಹರಿಯಲು ಸಂದು ಉಳಿಯುವಂತೆ ಮಡಿಚಿ ಅಂಗೈಯಲ್ಲಿ ಕೂಡಿಸುತ್ತಾರೆ. ಅದಕ್ಕೆ ಬೈಂಡರ್ ಸುತ್ತಿ, ಮರದ ಅಚ್ಚಿನಲ್ಲಿಟ್ಟು ಒತ್ತುತ್ತಾರೆ. ಆಮೇಲೆ ಚವೇತಾ ಎಂಬ ಹಿಡಿಯಿಲ್ಲದ ಬಾಗುಗತ್ತಿಯಿಂದ ರ‍್ಯಾಪರ್ ಎಲೆಯ ಅಂಚನ್ನು ಕತ್ತರಿಸಿ, ನರಗಳು ಒಳಮುಖವಾಗುವಂತೆ ಸುರುಳಿ ಸುತ್ತಿ, ತಲೆಯ ಭಾಗಕ್ಕೆ ರುಚಿಯಿಲ್ಲದ ಸಸ್ಯಮೂಲದ ಅಂಟನ್ನು ಬೆರಳ ತುದಿಯಷ್ಟು ಸವರಿ ಟೋಪಿಯಂಥ ಚಿಕ್ಕ ಎಲೆಚೂರನ್ನು ಅಂಟಿಸುತ್ತಾರೆ. ಈ ಕೆಲಸದಲ್ಲಿ ಎಲ್ಲಿ ಒಂದು ಎಲೆ ಹೆಚ್ಚಾಯಿತೋ, ಎಲ್ಲಿ ಎಲೆ ತಿರುಚಿತೋ, ಅಲ್ಲಿ ತಿಂಗಳುಗಳ ಬಳಿಕ ಪರೀಕ್ಷಕರ ಬಾಯಿಗೆ ಹೊಗೆ ಬರುವುದಿಲ್ಲ. ಆದ್ದರಿಂದಲೇ ಒಳ್ಳೆಯ ಕಾರ್ಖಾನೆಗಳು ಹೊರ ಎಲೆ ಸುತ್ತುವ ಮೊದಲೇ ಒಳಗಟ್ಟನ್ನು ಗಾಳಿ ಎಳೆಯುವ ಚಿಕ್ಕ ಯಂತ್ರಕ್ಕೆ ಹಿಡಿದು ಪರೀಕ್ಷಿಸುತ್ತವೆ.

ಪಟ್ಟಿಯನ್ನು ಯಾರು ಮಾಡುತ್ತಾರೆ?

ಎಲ್ಲರೂ ಉಲ್ಲೇಖಿಸುವ ಪಟ್ಟಿ ಅಮೆರಿಕದ ಸಿಗಾರ್ ಅಫಿಶಿಯೊನಾಡೊ ಪತ್ರಿಕೆಯದು. ಮಾರ್ವಿನ್ ಶ್ಯಾಂಕನ್ 1992ರಲ್ಲಿ ಅದನ್ನು ಆರಂಭಿಸಿದರು. ವರ್ಷದ 25 ಉತ್ತಮ ಸಿಗಾರುಗಳ ಪಟ್ಟಿ 2004ರಿಂದ ಬರುತ್ತಿದೆ. ಯುರೋಪಿನ ಸಿಗಾರ್ ಜರ್ನಲ್ ತನ್ನದೇ ಪ್ರಶಸ್ತಿಗಳನ್ನು ಕೊಡುತ್ತದೆ. ಅಮೆರಿಕದ ಹಾಫ್‌ವೀಲ್ ತನ್ನ ಪಟ್ಟಿಯ ಜೊತೆಗೆ, ಬೇರೆ ಬೇರೆ ವಿಮರ್ಶಕರ ಪಟ್ಟಿಗಳನ್ನು ಒಟ್ಟುಗೂಡಿಸಿ ಹೆಚ್ಚು ಜನ ಒಪ್ಪಿದ ಸಿಗಾರುಗಳು ಯಾವುವೆಂದು ಲೆಕ್ಕ ಹಾಕುತ್ತದೆ. ಒಬ್ಬರ ನಾಲಿಗೆಗಿಂತ ಹಲವರ ನಾಲಿಗೆಗೆ ಹೆಚ್ಚು ಬೆಲೆ ಕೊಡುವವರಿಗೆ ಆ ಲೆಕ್ಕ ಬಹಳ ಉಪಯುಕ್ತ.

ಪರೀಕ್ಷಕರಿಗೆ ತಾವು ಸೇದುವುದು ಯಾವ ಸಿಗಾರೆಂದು ಗೊತ್ತಿರುತ್ತದೆಯೇ?

ಗೊತ್ತಿರಬಾರದು, ಇಡೀ ಪದ್ಧತಿಯ ಬೆನ್ನೆಲುಬೇ ಅದು. ಸಿಗಾರ್ ಅಫಿಶಿಯೊನಾಡೊ ಹೇಳಿಕೊಳ್ಳುವ ಕ್ರಮದಲ್ಲಿ ಸಿಗಾರಿಗೆ ಸುತ್ತಿದ, ಕಂಪನಿಯ ಹೆಸರಿರುವ ಸುತ್ತುಪಟ್ಟಿಯನ್ನು ತೆಗೆದು, ಸಂಖ್ಯೆ ಮಾತ್ರ ಇರುವ ಬಿಳಿಯ ಸುತ್ತುಪಟ್ಟಿ ಹಾಕಿ ಪರೀಕ್ಷಕರ ಮುಂದೆ ಇಡುತ್ತಾರೆ. ವರ್ಷವಿಡೀ ಹೀಗೆ ನಡೆದ ಪರೀಕ್ಷೆಗಳಲ್ಲಿ ಹೆಚ್ಚಿನ ಅಂಕ ಪಡೆದವನ್ನು ಮತ್ತೊಮ್ಮೆ ಕೊಂಡುತಂದು, ಮತ್ತೊಮ್ಮೆ ಹೆಸರು ಮರೆಮಾಡಿ ಸೇದಿ, ಸುತ್ತಿನಿಂದ ಸುತ್ತಿಗೆ ಜರಡಿ ಹಿಡಿದು ಕೊನೆಯ 25ಕ್ಕೆ ಬರುತ್ತಾರೆ. ಎರಡನೆಯ ಸಲ ಕೊಂಡುತರುವುದು ಬಹಳ ಮುಖ್ಯ. ಒಂದು ಡಬ್ಬಿ ಅದೃಷ್ಟಕ್ಕೆ ಚೆನ್ನಾಗಿದ್ದಿರಬಹುದು, ಬೇರೆ ತಿಂಗಳಲ್ಲಿ ಕಟ್ಟಿದ ಡಬ್ಬಿಯೂ ಅದೇ ಮಟ್ಟದಲ್ಲಿದ್ದರೆ ಮಾತ್ರ ಅದು ತಯಾರಕರ ಸಾಮರ್ಥ್ಯ.

ಆದರೂ ಮರೆಮಾಡುವಿಕೆ ಪೂರ್ಣವಾಗಿರಲು ಸಾಧ್ಯವಿಲ್ಲವೆಂಬುದನ್ನು ಒಪ್ಪಿಕೊಳ್ಳಬೇಕು. ಚೌಕಾಕಾರಕ್ಕೆ ಒತ್ತಿದ, ಚೂಪು ತಲೆಯ ಸಿಗಾರುಗಳ ಆಕಾರವನ್ನು ಅನುಭವಿಗಳು ಕಂಡ ಕೂಡಲೇ ಗುರುತಿಸಬಲ್ಲರು. 2016ರಲ್ಲಿ ಮೊದಲ ಸ್ಥಾನ ಪಡೆದ ಲಾ ಫ್ಲೋರ್ ಡೊಮಿನಿಕಾನಾದ ಆಂಡಲೂಸಿಯನ್ ಬುಲ್ ಎರಡೂ ತುದಿ ಕಿರಿದಾಗಿ ಎತ್ತಿನ ಕೊಂಬನ್ನು ನೆನಪಿಸುವಂತಿದೆ. ಅದಕ್ಕೆ ಬಿಳಿಯ ಸುತ್ತುಪಟ್ಟಿ ಹಾಕಿದರೂ ಗುರುತು ಉಳಿಯುತ್ತದೆ.

ಸಿಗಾರಿಗೆ 88 ಅಂಕ ಎಂದರೆ ಕೆಟ್ಟದ್ದೇ?

ವೈನ್ ವಿಮರ್ಶೆಯಲ್ಲಿ ರೂಢಿಗೆ ಬಂದ ನೂರು ಅಂಕದ ಅಳತೆಯೇ ಇಲ್ಲಿಯೂ ಇದೆ. ಸಿಗಾರ್ ಅಫಿಶಿಯೊನಾಡೊ ಲೆಕ್ಕದಲ್ಲಿ 95ರಿಂದ 100 ಎಂದರೆ ಶ್ರೇಷ್ಠ, 90ರಿಂದ 94 ಎಂದರೆ ಅತ್ಯುತ್ತಮ, 80ರಿಂದ 89 ಎಂದರೆ ಬಹಳ ಚೆನ್ನಾಗಿದೆ, 70ರಿಂದ 79 ಎಂದರೆ ಸಾಧಾರಣ, 70ಕ್ಕಿಂತ ಕೆಳಗೆ ದುಡ್ಡು ದಂಡ. ಅಚ್ಚಿಗೆ ಬರುವ ಅಂಕಗಳೆಲ್ಲ ಹೆಚ್ಚುಕಡಿಮೆ 85 ಮತ್ತು 97ರ ನಡುವೆಯೇ ಇರುವುದರಿಂದ ಓದುಗರಿಗೆ 88 ಎಂಬುದು ಶಾಲೆಯ ಎರಡನೆಯ ದರ್ಜೆಯಂತೆ ಕಾಣುತ್ತದೆ. ವಾಸ್ತವದಲ್ಲಿ 88 ಪಡೆದ ಸಿಗಾರಿನಲ್ಲಿ ಎಲೆಗೆ ಸರಿಯಾಗಿ ಹುದುಗು ಬಂದಿದೆ, ಹೊಗೆ ಸಲೀಸಾಗಿ ಬರುತ್ತದೆ, ಉರಿ ನೆಟ್ಟಗೆ ಇಳಿಯುತ್ತದೆ. ನೆನಪಿನಲ್ಲಿ ಉಳಿಯುವಂಥ ವಿಶೇಷವೊಂದು ಮಾತ್ರ ಇಲ್ಲ. ನನ್ನ ಮಟ್ಟಿಗೆ ಒಂದು ಅಂಕದ ವ್ಯತ್ಯಾಸಕ್ಕೆ ಅರ್ಥವೇ ಇಲ್ಲ, ಎರಡಕ್ಕೆ ಅಲ್ಪ ಅರ್ಥ, ನಾಲ್ಕೈದು ಅಂಕದ ವ್ಯತ್ಯಾಸವಿದ್ದರೆ ಅದನ್ನು ಗಂಭೀರವಾಗಿ ಪರಿಗಣಿಸಬೇಕು.

ಒಂದು ಸಿಗಾರನ್ನು ಪರೀಕ್ಷಿಸುವಾಗ ಏನೇನು ನೋಡುತ್ತಾರೆ?

ಹೊರನೋಟ ಮತ್ತು ಕಟ್ಟುವಿಕೆ, ಹೊಗೆಯ ಗುಣ, ರುಚಿ, ಒಟ್ಟಾರೆ ಅನಿಸಿಕೆ ಎಂಬ ನಾಲ್ಕು ತಲೆಬರಹಗಳಡಿ ಅಂಕ ಕೊಡುವುದು ರೂಢಿ. ಆದರೆ ಆ ತಲೆಬರಹಗಳ ಹಿಂದಿನ ಕೆಲಸವನ್ನು ಹಂತಹಂತವಾಗಿ ನೋಡಿದರೆ ಮಾತ್ರ ಅಂಕದ ಅರ್ಥ ತಿಳಿಯುತ್ತದೆ.

ಮೊದಲು ಕಣ್ಣು ಮತ್ತು ಬೆರಳು. ಹೊರ ಎಲೆಯ ಬಣ್ಣ ಉದ್ದಕ್ಕೂ ಒಂದೇ ಸಮವಾಗಿದೆಯೇ, ನರಗಳು ಉಬ್ಬಿವೆಯೇ, ಸುರುಳಿಯ ಅಂಚು ಎದ್ದಿದೆಯೇ, ಎಣ್ಣೆಯಂಥ ತೆಳು ಹೊಳಪು ಇದೆಯೇ ಎಂದು ನೋಡುತ್ತಾರೆ. ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಮೆಲ್ಲಗೆ ಒತ್ತುತ್ತಾ ತುದಿಯವರೆಗೆ ಹೋದಾಗ ಎಲ್ಲಿಯೂ ಟೊಳ್ಳೂ ಇರಬಾರದು, ಗಂಟೂ ಇರಬಾರದು. ನಮ್ಮ ಮನೆಯ ಜಗುಲಿಯಲ್ಲಿ ದೊಡ್ಡಮ್ಮ ಬ್ಯಾರನ್ನಿನಿಂದ, ಅಂದರೆ ಸೊಪ್ಪು ಬೇಯಿಸುವ ಮನೆಯಿಂದ, ಇಳಿಸಿದ ಸೊಪ್ಪನ್ನು ದರ್ಜೆಗೆ ಹಾಕುವಾಗ ಮಾಡುತ್ತಿದ್ದುದೂ ಇದನ್ನೇ: ಎಲೆಯನ್ನು ಅಂಗೈ ಮೇಲೆ ಹರಡಿ, ನಡುನರದ ಪಕ್ಕದಲ್ಲಿ ಬೆರಳಾಡಿಸಿ, ಮುಷ್ಟಿ ಕಟ್ಟಿ ಬಿಡುತ್ತಿದ್ದರು. ಎಲೆ ಪರಪರ ಎಂದು ಮುರಿದರೆ ಒಣಗಿದೆ, ಮುದ್ದೆಯಾಗಿ ಕೈಯಲ್ಲೇ ಉಳಿದರೆ ತೇವ ಹೆಚ್ಚಾಗಿದೆ, ತಾನಾಗಿಯೇ ಮೆಲ್ಲಗೆ ಬಿಚ್ಚಿಕೊಂಡರೆ ಹದ ಬಂದಿದೆ. ಸಿಗಾರಿನ ಪರೀಕ್ಷಕರು ಹುಡುಕುವುದೂ ಆ ಹದವನ್ನೇ.

ಎರಡನೆಯದು ಉರಿ ಹಚ್ಚುವುದಕ್ಕಿಂತ ಮೊದಲಿನ ಎಳೆತ. ತಲೆಯ ಟೋಪಿಯನ್ನು ಕತ್ತರಿಸಿ, ಬೆಂಕಿಯಿಲ್ಲದೆ ಒಮ್ಮೆ ಗಾಳಿ ಎಳೆದು ನೋಡುತ್ತಾರೆ. ಗಾಳಿ ತೀರಾ ಸುಲಭವಾಗಿ ಬಂದರೆ ಸಿಗಾರು ಬೇಗ ಬಿಸಿಯಾಗಿ ಕಹಿಯಾಗುತ್ತದೆ. ಬಾರದೇ ಇದ್ದರೆ ಎಷ್ಟು ಒಳ್ಳೆಯ ಎಲೆ ಇದ್ದರೂ ಪ್ರಯೋಜನವಿಲ್ಲ. ಈ ಹಂತದಲ್ಲಿಯೇ ನಾಲಿಗೆಗೆ ಒಣಹುಲ್ಲು, ಒಣದ್ರಾಕ್ಷಿ, ಹೊಸ ಮರದ ಪೆಟ್ಟಿಗೆ ಮುಂತಾದ ತಣ್ಣನೆಯ ರುಚಿಗಳು ಸಿಗುತ್ತವೆ, ಮತ್ತು ಅವು ಉರಿದ ಮೇಲಿನ ರುಚಿಗಿಂತ ಬೇರೆಯೇ ಆಗಿರಬಹುದು.

ಬಳಿಕ ಸಿಗಾರನ್ನು ಮೂರು ಭಾಗವಾಗಿ ವಿಂಗಡಿಸಿಕೊಂಡು ಟಿಪ್ಪಣಿ ಮಾಡುತ್ತಾರೆ. ಮೊದಲ ಮೂರನೆಯ ಒಂದು ಭಾಗದಲ್ಲಿ ಮೆಣಸಿನ ಖಾರ ಮುಂದಿರುವುದು ಸಾಮಾನ್ಯ. ನಡುಭಾಗದಲ್ಲಿ ಎಲೆಗಳ ಮಿಶ್ರಣ ಒಂದಕ್ಕೊಂದು ಹೊಂದಿಕೊಳ್ಳುತ್ತದೆ, ಮಿಶ್ರಣ ಮಾಡಿದವರ ನೈಪುಣ್ಯ ಕಾಣಿಸುವುದು ಇಲ್ಲಿಯೇ. ಕೊನೆಯ ಭಾಗದಲ್ಲಿ ಟಾರು ಮತ್ತು ಶಾಖ ಕೂಡಿಕೊಳ್ಳುವುದರಿಂದ ಕಹಿ ಬರಬಹುದು. ಕೊನೆಯವರೆಗೂ ಕಹಿಯಾಗದೆ ಹೋದ ಸಿಗಾರಿಗೆ ನಾನು ಮನಸ್ಸಿನಲ್ಲೇ ಎರಡು ಅಂಕ ಹೆಚ್ಚು ಕೊಡುತ್ತೇನೆ. ಇಷ್ಟರ ನಡುವೆ ಉರಿಯ ಗೆರೆ ವೃತ್ತಾಕಾರದಲ್ಲಿ ಸಮವಾಗಿ ಇಳಿಯುತ್ತಿದೆಯೇ, ಒಂದು ಬದಿ ಮುಂದೋಡುತ್ತಿದೆಯೇ, ಬೂದಿ ಪದರಪದರವಾಗಿ ಗಟ್ಟಿಯಾಗಿ ನಿಂತಿದೆಯೇ ಎಂಬುದನ್ನೂ ಗಮನಿಸುತ್ತಾರೆ. ಬೂದಿ ಬಿಳುಪಾಗಿದ್ದರೆ ಸಿಗಾರು ಒಳ್ಳೆಯದು ಎಂಬ ಮಾತು ಬಹಳ ಕಡೆ ಕೇಳಿಬರುತ್ತದೆ. ಬೂದಿಯ ಬಣ್ಣ ಹೆಚ್ಚಾಗಿ ಮಣ್ಣಿನ ಖನಿಜಗಳನ್ನು ಅವಲಂಬಿಸುತ್ತದೆ, ರುಚಿಯ ಅಳತೆಗೋಲು ಅದಲ್ಲ.

ವಿಮರ್ಶೆಯಲ್ಲಿ ತೊಗಲು, ಮಣ್ಣು, ಕೋಕೋ ಎಂದೆಲ್ಲ ಬರೆಯುತ್ತಾರೆ. ಅವು ನಿಜವಾಗಿಯೂ ಸಿಗುತ್ತವೆಯೇ?

ಸಿಗುತ್ತವೆ, ಆದರೆ ಯಾರೂ ಅವನ್ನು ಎಲೆಗೆ ಬೆರೆಸಿರುವುದಿಲ್ಲ. ಹುದುಗು ಬರುವಾಗ ಮತ್ತು ಹಳತಾಗುವಾಗ ಎಲೆಯೊಳಗೆ ಆಗುವ ರಾಸಾಯನಿಕ ಬದಲಾವಣೆಗಳಿಂದ ಹುಟ್ಟುವ ಕಂಪು, ನಮಗೆ ಮೊದಲೇ ಗೊತ್ತಿರುವ ಯಾವುದೋ ಕಂಪನ್ನು ನೆನಪಿಸುತ್ತದೆ. ಸಮಸ್ಯೆ ಎಂದರೆ ಪ್ರಚಲಿತ ಶಬ್ದಗಳೆಲ್ಲ ಅಮೆರಿಕ ಮತ್ತು ಯುರೋಪಿನ ಅಡುಗೆಮನೆಯಿಂದ ಬಂದವು. ಗ್ರಹಾಂ ಬಿಸ್ಕತ್ತನ್ನು ತಿನ್ನದೇ ಇರುವವರಿಗೆ ಆ ರುಚಿ ಸಿಗಾರಿನಲ್ಲಿ ಸಿಗುವುದಾದರೂ ಹೇಗೆ?

ಈ ವಿಷಯದಲ್ಲಿ ಕನ್ನಡಿಗರು ಹಿಂಜರಿಯಬೇಕಾಗಿಲ್ಲ. ನಮ್ಮಲ್ಲಿ ಒಗರು, ಕಮಟು, ಘಾಟು, ಸೀದ ವಾಸನೆ, ಕರಕಲು ಎಂದು ಬೇರೆ ಬೇರೆಯಾಗಿ ಗುರುತಿಸಲು ಶಬ್ದಗಳಿವೆ. ಹುದುಗು ಪೂರ್ತಿಯಾಗದ ಎಲೆಯ ಅಮೋನಿಯಾ ಮೂಗನ್ನು ಚುಚ್ಚಿದರೆ ಅದು ಕಮಟು. ಲಿಹೇರೊ ಎಲೆ ಗಂಟಲ ಹಿಂದೆ ಹಿಡಿದರೆ ಅದು ಘಾಟು. ಹೊಸ ಎಲೆ ನಾಲಿಗೆಯನ್ನು ಒಣಗಿಸಿದರೆ ಅದು ಒಗರು. ಮೆಕ್ಸಿಕೋದ ಸಾನ್ ಆಂಡ್ರೆಸ್ ಕಣಿವೆಯ ಕಪ್ಪು ರ‍್ಯಾಪರಿನಲ್ಲಿ ನನಗೆ ಸಿಕ್ಕುವುದು ಪಾಕ ತುಸು ಹೆಚ್ಚಾದ ಬೆಲ್ಲ ಮತ್ತು ಬಾಣಲೆಯಲ್ಲಿ ಹುರಿದ ಕೊತ್ತಂಬರಿ ಬೀಜ. ಕ್ಯಾಮರೂನ್ ಎಲೆಯಲ್ಲಿ ಏಲಕ್ಕಿ ಸಿಪ್ಪೆಯನ್ನು ಹೋಲುವ ಸಿಹಿಗಂಪಿದೆ. ಈಕ್ವೆಡಾರಿನಲ್ಲಿ ಬೆಳೆದ, ಕನೆಕ್ಟಿಕಟ್ ತಳಿಯ ತೆಳು ಬಣ್ಣದ ಎಲೆ ಕಾಯಿಸಿದ ಹಾಲಿನ ಕೆನೆಯಂತೆ ನಯವಾಗಿರುತ್ತದೆ. ನಿಮ್ಮ ನಾಲಿಗೆ ನೆನಪಿಸಿಕೊಂಡ ಹೆಸರನ್ನು ಬರೆದಿಟ್ಟರೆ ಅದೇ ಸರಿಯಾದ ವಿಮರ್ಶೆ. ಪತ್ರಿಕೆಯ ಶಬ್ದಗಳನ್ನು ಎರವಲು ತಂದು ಅವು ಸಿಗಲಿಲ್ಲವೆಂದು ಕೊರಗಬಾರದು.

ಇತ್ತೀಚಿನ ವರ್ಷಗಳಲ್ಲಿ ಮೊದಲ ಸ್ಥಾನ ಯಾವುದಕ್ಕೆ ಸಿಕ್ಕಿದೆ?

ಸಿಗಾರ್ ಅಫಿಶಿಯೊನಾಡೊ ಪಟ್ಟಿಯನ್ನೇ ತೆಗೆದುಕೊಂಡರೆ, 2010ರಲ್ಲಿ ಕ್ಯೂಬಾದ ಕೊಹಿಬಾ ಬೆಹೀಕೆ 52 ಮತ್ತು 2013ರಲ್ಲಿ ಕ್ಯೂಬಾದ್ದೇ ಆದ ಮಾಂಟೆಕ್ರಿಸ್ಟೊ ನಂ. 2 ಮೊದಲ ಸ್ಥಾನದಲ್ಲಿದ್ದವು. ಅವುಗಳ ನಡುವೆ 2011ರಲ್ಲಿ ಅಲೆಕ್ ಬ್ರಾಡ್ಲಿ ಪ್ರೆನ್ಸಾಡೊ ಚರ್ಚಿಲ್, 2012ರಲ್ಲಿ ಫ್ಲೋರ್ ದೆ ಲಾಸ್ ಆಂಟಿಯಾಸ್ ಟೊರೊ ಬಂದವು. 2014ರಲ್ಲಿ ಒಲಿವಾ ಸೀರಿ ವಿ ಮೆಲಾನಿಯೊ, 2015ರಲ್ಲಿ ಮೈ ಫಾದರ್ ಲೆ ಬಿಜೂ 1922, 2017ರಲ್ಲಿ ಆರ್ಟುರೊ ಫ್ಯುಯೆಂಟೆಯ ಐ ಆಫ್ ದಿ ಶಾರ್ಕ್, 2018ರಲ್ಲಿ ಇ.ಪಿ. ಕರಿಯೊ ಎನ್ಕೋರ್, 2019ರಲ್ಲಿ ಏಜಿಂಗ್ ರೂಮ್ ಕ್ವಾತ್ರೊ ನಿಕರಾಗುವ, 2020ರಲ್ಲಿ ಮತ್ತೆ ಇ.ಪಿ. ಕರಿಯೊದ ಪ್ಲೆಡ್ಜ್, 2021ರಲ್ಲಿ ಪದ್ರೋನ್ 1964 ಆನಿವರ್ಸರಿ ಟಾರ್ಪೆಡೊ. 2023ರಲ್ಲಿ ಫ್ಯುಯೆಂಟೆ ಕುಟುಂಬದ ಓಪಸ್ ಎಕ್ಸ್, 2024ರಲ್ಲಿ ಮೈ ಫಾದರ್ ಕಂಪನಿಯ ದಿ ಜಡ್ಜ್.

ಈ ಸಾಲನ್ನು ಸುಮ್ಮನೆ ಓದಿ ಬಿಡದೆ ಸ್ವಲ್ಪ ನಿಂತು ನೋಡಬೇಕು. 2012, 2015 ಮತ್ತು 2024ರ ಮೂರೂ ಸಿಗಾರುಗಳು ಕ್ಯೂಬಾದಿಂದ ವಲಸೆ ಬಂದ ಹೋಸೆ ಪೆಪಿನ್ ಗಾರ್ಸಿಯಾ ಅವರ ಕುಟುಂಬದ ಎಸ್ತೆಲಿ ಕಾರ್ಖಾನೆಯವು. ಹೆಸರು ಮರೆಮಾಡಿ ಸೇದಿದರೂ ಒಂದೇ ಮನೆಯ ಕೆಲಸ ಹನ್ನೆರಡು ವರ್ಷಗಳ ಅಂತರದಲ್ಲಿ ಮೂರು ಸಲ ಮೇಲೆ ಬಂದಿದೆ ಎಂದರೆ ಅದು ಆಕಸ್ಮಿಕವಲ್ಲ. ಒಂದು ವರ್ಷದ ಮೊದಲ ಸ್ಥಾನಕ್ಕಿಂತ ಇಂಥ ಮರುಕಳಿಕೆಯನ್ನು ನಾನು ಹೆಚ್ಚು ನಂಬುತ್ತೇನೆ.

ಕ್ಯೂಬಾದ ಸಿಗಾರೇ ಶ್ರೇಷ್ಠ ಎನ್ನುತ್ತಾರಲ್ಲ, ಪಟ್ಟಿಯಲ್ಲಿ ನಿಕರಾಗುವ ಏಕೆ ಇಷ್ಟೊಂದು ಕಾಣುತ್ತದೆ?

ಕ್ಯೂಬಾದ ಪಿನಾರ್ ದೆಲ್ ರಿಯೊ ಪ್ರಾಂತದ ವುಯೆಲ್ತಾ ಅಬಾಹೊ ನೆಲದ ಎಲೆಗೆ ಇರುವ ಹೆಸರು ಸುಮ್ಮನೆ ಬಂದದ್ದಲ್ಲ. ಆದರೆ 1960ರಲ್ಲಿ ಕ್ಯೂಬಾ ಸರ್ಕಾರ ಸಿಗಾರ್ ಕಾರ್ಖಾನೆಗಳನ್ನು ವಶಪಡಿಸಿಕೊಂಡಾಗ ಹಲವು ಬೆಳೆಗಾರ ಮತ್ತು ತಯಾರಕ ಕುಟುಂಬಗಳು ದೇಶ ಬಿಟ್ಟವು. 1962ರ ಫೆಬ್ರವರಿಯಲ್ಲಿ ಅಮೆರಿಕದ ಅಧ್ಯಕ್ಷ ಕೆನಡಿ ವ್ಯಾಪಾರ ನಿರ್ಬಂಧ ಹೇರಿದ ಮೇಲೆ, ಅತಿದೊಡ್ಡ ಮಾರುಕಟ್ಟೆಯಾದ ಅಮೆರಿಕಕ್ಕೆ ಕ್ಯೂಬಾದ ಸಿಗಾರು ಕಾನೂನುಬದ್ಧವಾಗಿ ಹೋಗುವ ದಾರಿ ಮುಚ್ಚಿತು. ದೇಶ ಬಿಟ್ಟವರು ತಮ್ಮ ಕಸುಬನ್ನೂ ಕ್ಯೂಬಾದ ತಳಿಯ ಬೀಜವನ್ನೂ ಡೊಮಿನಿಕನ್ ಗಣರಾಜ್ಯ, ಹೊಂಡುರಾಸ್, ನಿಕರಾಗುವಗಳಲ್ಲಿ ಹೊಸದಾಗಿ ನೆಟ್ಟರು.

ಹೋಸೆ ಒರ್ಲಾಂಡೊ ಪದ್ರೋನ್ ಅವರ ಬದುಕು ಇದಕ್ಕೆ ತಕ್ಕ ಉದಾಹರಣೆ. 1926ರಲ್ಲಿ ಕ್ಯೂಬಾದಲ್ಲಿ ಹುಟ್ಟಿದ ಅವರು 1964ರಲ್ಲಿ ಮಯಾಮಿಯಲ್ಲಿ ಸಿಗಾರು ಸುತ್ತಿಸತೊಡಗಿದರು, 1970ರಲ್ಲಿ ಎಸ್ತೆಲಿಯಲ್ಲಿ ಕಾರ್ಖಾನೆ ತೆರೆದರು, 1978ರ ದಂಗೆಯಲ್ಲಿ ಆ ಕಾರ್ಖಾನೆ ಸುಟ್ಟುಹೋಯಿತು, ಅವರು ಮತ್ತೆ ಕಟ್ಟಿದರು. 1985ರಿಂದ 1990ರವರೆಗೆ ನಿಕರಾಗುವದ ಮೇಲೂ ಅಮೆರಿಕದ ನಿರ್ಬಂಧವಿತ್ತು. ಅದನ್ನೂ ದಾಟಿ ಬಂದ ಕುಟುಂಬದ ಸಿಗಾರು 2021ರಲ್ಲಿ ಮೊದಲ ಸ್ಥಾನ ಪಡೆಯುವಾಗ ಹೋಸೆ ಒರ್ಲಾಂಡೊ ಇರಲಿಲ್ಲ; ಅವರು 2017ರಲ್ಲಿ ತೀರಿಕೊಂಡಿದ್ದರು.

ನೆಲವೂ ಒಂದು ಕಾರಣ. ನಿಕರಾಗುವದ ಎಸ್ತೆಲಿಯ ಕಪ್ಪು ಜ್ವಾಲಾಮುಖಿ ಮಣ್ಣಿನಲ್ಲಿ ಬಲವಾದ, ಖಾರವಾದ ಎಲೆ ಬರುತ್ತದೆ. ಹಲಾಪ ಕಣಿವೆಯಲ್ಲಿ ಸಿಹಿಗಂಪಿನ, ಮೃದುವಾದ ಎಲೆ ಬರುತ್ತದೆ. ಒಂದೇ ದೇಶದೊಳಗೆ ಇಷ್ಟು ಬಗೆಯ ಸೊಪ್ಪು ದೊರೆತರೆ ಮಿಶ್ರಣ ಮಾಡುವವರಿಗೆ ಆಯ್ಕೆ ಹೆಚ್ಚುತ್ತದೆ. ಇತ್ತ ಕ್ಯೂಬಾದಲ್ಲಿ 2022ರ ಸೆಪ್ಟೆಂಬರಿನ ಇಯಾನ್ ಚಂಡಮಾರುತ ಪಿನಾರ್ ದೆಲ್ ರಿಯೊದ ಸಾವಿರಾರು ಸೊಪ್ಪಿನ ಕೊಟ್ಟಿಗೆಗಳನ್ನು ಕೆಡವಿಹಾಕಿತು. ಎಲೆಯನ್ನು ತೂಗುಹಾಕಿ ಒಣಗಿಸಲು ಕೊಟ್ಟಿಗೆಯೇ ಇಲ್ಲದಿದ್ದರೆ ಬೆಳೆಗಾರರ ಸ್ಥಿತಿ ಏನಾಗುತ್ತದೆಂಬುದನ್ನು, ಮಳೆಗಾಲದಲ್ಲಿ ಬ್ಯಾರನ್ ಗೋಡೆ ಕುಸಿದದ್ದನ್ನು ಕಂಡ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಬೆಲೆ ಹೆಚ್ಚಿದ್ದಷ್ಟೂ ಅಂಕ ಹೆಚ್ಚೇ?

ಅಲ್ಲ. ಮೇಲೆ ಹೇಳಿದ ಫ್ಲೋರ್ ದೆ ಲಾಸ್ ಆಂಟಿಯಾಸ್, ಮತ್ತು 2008ರಲ್ಲಿ ಮೊದಲ ಸ್ಥಾನ ಪಡೆದ ಕಾಸಾ ಮಾಗ್ನಾ ಕೊಲೊರಾಡೊ ರೊಬುಸ್ಟೊ, ಆಗ ಅಮೆರಿಕದ ಅಂಗಡಿಗಳಲ್ಲಿ ಹತ್ತು ಡಾಲರಿಗಿಂತ ಕಡಿಮೆ ಬೆಲೆಗೆ ಸಿಗುತ್ತಿದ್ದವು. ಬೆಲೆಯನ್ನು ಎಲೆ ಎಷ್ಟು ವರ್ಷ ಹಳತಾಗಿದೆ, ರ‍್ಯಾಪರ್ ಎಲೆ ಎಷ್ಟು ವಿರಳ, ತೆರಿಗೆ ಎಷ್ಟು ಎಂಬವು ನಿರ್ಧರಿಸುವುದರ ಜೊತೆಗೆ, ಕೊಳ್ಳುವವರ ಪ್ರತಿಷ್ಠೆಯೂ ನಿರ್ಧರಿಸುತ್ತದೆ. 2022ರಲ್ಲಿ ಕ್ಯೂಬಾದ ಕೊಹಿಬಾ ಮತ್ತು ಟ್ರಿನಿಡಾಡ್ ಬ್ರಾಂಡಿನ ಸಿಗಾರುಗಳ ಬೆಲೆಯನ್ನು ಜಗತ್ತಿನಾದ್ಯಂತ ಹಾಂಗ್‌ಕಾಂಗ್ ಮಟ್ಟಕ್ಕೆ ಏರಿಸಲಾಯಿತು. ಆ ದಿನ ಎಲೆಯ ಗುಣವೇನೂ ಏರಲಿಲ್ಲ.

ಸಿಗಾರ್ ಕಂಪನಿಗಳ ಜಾಹೀರಾತು ಹಾಕುವ ಪತ್ರಿಕೆಯ ಪಟ್ಟಿಯನ್ನು ನಂಬಬಹುದೇ?

ಈ ಪ್ರಶ್ನೆ ನ್ಯಾಯವಾದದ್ದು. ಜಾಹೀರಾತು ಇದೆ ಎಂದ ಮಾತ್ರಕ್ಕೆ ಅಂಕ ಮಾರಾಟವಾಗಿದೆ ಎಂದು ಹೇಳುವುದು ತಪ್ಪು, ಹಿತಾಸಕ್ತಿಯ ನೆರಳೇ ಇಲ್ಲ ಎಂದು ಹೇಳುವುದೂ ತಪ್ಪು. ನಾನು ನೋಡುವುದು ಮೂರು ಸಂಗತಿಗಳನ್ನು: ಸಿಗಾರನ್ನು ಅಂಗಡಿಯಿಂದ ಕೊಂಡರೋ ತಯಾರಕರಿಂದ ಉಚಿತವಾಗಿ ಪಡೆದರೋ, ಹೆಸರು ಮರೆಮಾಡಿದ್ದರೋ ಇಲ್ಲವೋ, ಎಷ್ಟು ಸಿಗಾರು ಸೇದಿ ಅಂಕ ಕೊಟ್ಟರು. ಒಂದೇ ಒಂದು ಸಿಗಾರು ಸೇದಿ ಬರೆದ ವಿಮರ್ಶೆ ಎಷ್ಟೇ ಸುಂದರವಾಗಿದ್ದರೂ ಅದು ಆ ಒಂದು ಸಿಗಾರಿನ ಕಥೆ ಮಾತ್ರ. ಕೈಯಿಂದ ಸುತ್ತಿದ ವಸ್ತುವಿನಲ್ಲಿ ಒಂದಕ್ಕೂ ಇನ್ನೊಂದಕ್ಕೂ ವ್ಯತ್ಯಾಸ ಸಹಜವಾಗಿರುವುದರಿಂದ ಕನಿಷ್ಠ ಎರಡನ್ನಾದರೂ ಸೇದದವರು ಅಂಕ ಕೊಡಬಾರದು ಎಂಬುದು ನನ್ನ ನಿಲುವು.

ಹುಣಸೂರು, ಪಿರಿಯಾಪಟ್ಟಣದ ಸೊಪ್ಪಿನಿಂದ ಇಂಥ ಸಿಗಾರು ಮಾಡಲು ಸಾಧ್ಯವೇ?

ಊರಿನವರು ನನ್ನನ್ನು ಅತಿ ಹೆಚ್ಚು ಕೇಳಿದ ಪ್ರಶ್ನೆ ಇದು. ಸಾಧ್ಯವಿಲ್ಲ, ಅದರ ಕಾರಣ ಸೊಪ್ಪಿನ ಕೊರತೆಯಲ್ಲ. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆ ಬೆಳೆಯುವುದು ವರ್ಜೀನಿಯಾ ತಳಿ. ಅದನ್ನು ಬ್ಯಾರನ್ನಿನಲ್ಲಿ ಕೊಳವೆಯ ಮೂಲಕ ಶಾಖ ಹಾಯಿಸಿ ಕೆಲವೇ ದಿನಗಳಲ್ಲಿ ಹಳದಿಗೆ ಬೇಯಿಸುತ್ತೇವೆ. ಹಾಗೆ ಮಾಡಿದಾಗ ಎಲೆಯ ಸಕ್ಕರೆ ಎಲೆಯಲ್ಲೇ ಉಳಿಯುತ್ತದೆ, ಹೊಗೆ ಆಮ್ಲೀಯವಾಗುತ್ತದೆ, ಅದು ಸಿಗರೇಟಿಗೆ ಹೊಂದುತ್ತದೆ. ಸಿಗಾರಿನ ಎಲೆಯ ದಾರಿಯೇ ಬೇರೆ. ಅದನ್ನು ಬೆಂಕಿಯಿಲ್ಲದೆ ಕೊಟ್ಟಿಗೆಯ ಗಾಳಿಯಲ್ಲಿ ತೂಗುಹಾಕಿ ಹಲವು ವಾರ ಒಣಗಿಸುತ್ತಾರೆ. ಹಸಿರು ಹಳದಿಯಾಗಿ, ಹಳದಿ ಕಂದಾಗಿ, ಸಕ್ಕರೆ ಬಹುಮಟ್ಟಿಗೆ ಕರಗಿಹೋಗುತ್ತದೆ. ಆಮೇಲೆ ಎಲೆಯನ್ನು ಆಳೆತ್ತರದ ರಾಶಿ ಹಾಕುತ್ತಾರೆ. ರಾಶಿ ತನ್ನಷ್ಟಕ್ಕೆ ತಾನೇ ಬಿಸಿಯಾಗುತ್ತದೆ, ನಡುವೆ ಇಟ್ಟ ಉಷ್ಣಮಾಪಕ ಮಿತಿ ಮುಟ್ಟಿದ ಕೂಡಲೇ ರಾಶಿ ಒಡೆದು, ಒಳಗಿನದು ಹೊರಗೆ ಬರುವಂತೆ ಮರುಜೋಡಿಸುತ್ತಾರೆ. ಹೀಗೆ ಮತ್ತೆ ಮತ್ತೆ ಮಾಡಿದಾಗ ಅಮೋನಿಯಾ ಹೊರಹೋಗಿ ಕಮಟು ಇಳಿಯುತ್ತದೆ. ಕಪ್ಪು ಬಣ್ಣದ ಮದೂರೊ ರ‍್ಯಾಪರಿಗೆ ಈ ಕೆಲಸ ಇನ್ನೂ ದೀರ್ಘ.

ದಕ್ಷಿಣ ಭಾರತಕ್ಕೂ ಸಿಗಾರಿಗೂ ನಂಟಿಲ್ಲವೆಂದಲ್ಲ. ತಮಿಳುನಾಡಿನ ತಿರುಚಿರಾಪಳ್ಳಿಯ ಸುರುಟ್ಟು ಬ್ರಿಟಿಷರ ಕಾಲದಲ್ಲಿ ಲಂಡನ್ನಿನವರೆಗೂ ಹೋಗುತ್ತಿತ್ತು, ಅದರೊಳಗೆ ದಿಂಡಿಗಲ್ ಸೊಪ್ಪು ಇರುತ್ತಿತ್ತು. ಇಂಗ್ಲಿಷಿನ ಚೆರೂಟ್ ಎಂಬ ಶಬ್ದ ಬಂದದ್ದು ಆ ತಮಿಳು ಶಬ್ದದಿಂದಲೇ. ನಮ್ಮ ಸುರುಳಿ, ಸುರುಟು ಎಂಬ ಮಾತುಗಳೂ ಅದೇ ಬಳಗದವು.

ಸಿಗಾರಿನ ಹೊಗೆಯನ್ನು ಒಳಗೆಳೆದುಕೊಳ್ಳುವುದಿಲ್ಲವಲ್ಲ, ಹಾಗಾದರೆ ಅಪಾಯವಿಲ್ಲವೇ?

ಅಪಾಯವಿದೆ, ಮತ್ತು ಈ ತಪ್ಪು ತಿಳಿವಳಿಕೆಯನ್ನು ಉತ್ತೇಜಿಸುವ ವಿಮರ್ಶಕರನ್ನು ನಾನು ಒಪ್ಪುವುದಿಲ್ಲ. ಗಾಳಿಯಲ್ಲಿ ಒಣಗಿಸಿದ ಎಲೆಯ ಹೊಗೆ ಕ್ಷಾರೀಯವಾಗಿರುವುದರಿಂದ ನಿಕೋಟಿನ್ ಬಾಯಿಯ ಒಳಪೊರೆಯಿಂದಲೇ ರಕ್ತಕ್ಕೆ ಸೇರುತ್ತದೆ. ಶ್ವಾಸಕೋಶಕ್ಕೆ ಎಳೆಯಬೇಕಾದ ಅಗತ್ಯವೇ ಇಲ್ಲ. ಒಂದು ದೊಡ್ಡ ಸಿಗಾರಿನಲ್ಲಿ ಒಂದು ಪ್ಯಾಕ್ ಸಿಗರೇಟಿನಷ್ಟು ಹೊಗೆಸೊಪ್ಪು ಇರಬಹುದು. ಹೊಗೆಯನ್ನು ನುಂಗದಿದ್ದರೂ ಬಾಯಿ, ಗಂಟಲು, ಧ್ವನಿಪೆಟ್ಟಿಗೆ, ಅನ್ನನಾಳದ ಕ್ಯಾನ್ಸರಿನ ಸಾಧ್ಯತೆ ಹೆಚ್ಚುತ್ತದೆ. ಪಕ್ಕದಲ್ಲಿ ಕುಳಿತವರಿಗೂ ಹೊಗೆ ಹಾನಿ ಮಾಡುತ್ತದೆ. ಸೇದದೇ ಇರುವವರು ಈ ಪಟ್ಟಿಗಳನ್ನು ಕೃಷಿ ಮತ್ತು ಕೈಕಸುಬಿನ ದಾಖಲೆಯಾಗಿ ಓದಲಿ, ಸೇದಲು ಆರಂಭಿಸುವುದು ಬೇಡ. ನಾನು ಕೂಡ ಈಗ ವರ್ಷಕ್ಕೆ ಬೆರಳೆಣಿಕೆಯಷ್ಟನ್ನು ಮಾತ್ರ ಮುಟ್ಟುತ್ತೇನೆ.

ಭಾರತದಲ್ಲಿ ಇಂಥ ಪಟ್ಟಿಗಳನ್ನು ಏಕೆ ಕಾಣುವುದಿಲ್ಲ?

2003ರ ಕೇಂದ್ರ ಕಾಯ್ದೆಯ ಪ್ರಕಾರ ತಂಬಾಕು ಉತ್ಪನ್ನಗಳ ನೇರ ಮತ್ತು ಪರೋಕ್ಷ ಜಾಹೀರಾತು ನಿಷಿದ್ಧ. ಸಿಗಾರ್ ಪೆಟ್ಟಿಗೆಗೂ ಚಿತ್ರಸಹಿತ ಎಚ್ಚರಿಕೆ ಕಡ್ಡಾಯ.

ಒಂದೇ ಸಿಗಾರಿಗೆ ಒಬ್ಬರು 94, ಇನ್ನೊಬ್ಬರು 86 ಕೊಟ್ಟಿರುತ್ತಾರೆ. ಯಾರು ಸರಿ?

ಇಬ್ಬರೂ ಸರಿಯಿರಬಹುದು. ಸಿಗಾರು ಗಾಳಿಯ ತೇವಕ್ಕೆ ತಕ್ಕಂತೆ ಬದಲಾಗುವ ವಸ್ತು. ಸಾಮಾನ್ಯವಾಗಿ 65ರಿಂದ 70 ಶೇಕಡ ಆರ್ದ್ರತೆ, 18ರಿಂದ 21 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಹ್ಯೂಮಿಡರ್ ಪೆಟ್ಟಿಗೆಯಲ್ಲಿ ಇಡಬೇಕೆನ್ನುತ್ತಾರೆ. ಬೆಂಗಳೂರಿನ ಮಾರ್ಚ್ ತಿಂಗಳ ಒಣಗಾಳಿಯಲ್ಲಿ ತೆರೆದಿಟ್ಟರೆ ಹೊರ ಎಲೆ ಒಂದೆರಡು ದಿನದಲ್ಲಿ ಬಿರುಕುಬಿಡುತ್ತದೆ. ಮಂಗಳೂರಿನ ಜುಲೈನಲ್ಲಿ ಇಟ್ಟರೆ ಉಬ್ಬಿ, ಬೂಷ್ಟು ಹಿಡಿದು, ಉರಿಯಲು ಒಲ್ಲದಂತಾಗುತ್ತದೆ. ಶಾಖ ಹೆಚ್ಚಾದರೆ ಎಲೆಯೊಳಗಿನ ತಂಬಾಕು ದುಂಬಿಯ ಮೊಟ್ಟೆಗಳು ಒಡೆದು, ಹುಳುಗಳು ಸೂಜಿ ಚುಚ್ಚಿದಂಥ ತೂತುಗಳನ್ನು ಕೊರೆಯುತ್ತವೆ. ಅಂಗಡಿಯಲ್ಲಿ ಹೇಗೆ ಇಟ್ಟಿದ್ದರು, ಹಡಗಿನಲ್ಲಿ ಹೇಗೆ ಬಂತು, ಸೇದುವ ಮುನ್ನ ಏನು ತಿಂದಿದ್ದರು ಎಂಬಷ್ಟರಿಂದಲೇ ಐದಾರು ಅಂಕಗಳ ಅಂತರ ಬರಬಹುದು. ಒಬ್ಬ ವಿಮರ್ಶಕರನ್ನು ಆರಿಸಿಕೊಂಡು ಅವರ ನಾಲಿಗೆ ನಿಮ್ಮದಕ್ಕೆ ಎಲ್ಲಿ ಹೊಂದುತ್ತದೆ, ಎಲ್ಲಿ ಹೊಂದುವುದಿಲ್ಲ ಎಂದು ತಿಳಿದುಕೊಳ್ಳುವುದು ಹತ್ತು ಪಟ್ಟಿಗಳನ್ನು ಓದುವುದಕ್ಕಿಂತ ಮೇಲು.

ಈ ವರ್ಷ ಮೊದಲು ಬಂದ ಸಿಗಾರನ್ನು ಎರಡು ವರ್ಷ ಬಿಟ್ಟು ಕೊಂಡರೆ ಅದೇ ರುಚಿ ಇರುತ್ತದೆಯೇ?

ಇರಲೇಬೇಕೆಂದಿಲ್ಲ. ಬ್ರಾಂಡ್ ಅದೇ, ಅಳತೆ ಅದೇ, ಆದರೆ ಎಲೆ ಬೇರೆ ವರ್ಷದ ಬೆಳೆಯದು. ಮಿಶ್ರಣ ಮಾಡುವವರ ದೊಡ್ಡ ಕೆಲಸವೇ ಬೆಳೆ ಬದಲಾದರೂ ರುಚಿ ಕದಲದಂತೆ ಎಲೆಗಳ ಪ್ರಮಾಣವನ್ನು ಹೊಂದಿಸುವುದು, ಮತ್ತು ಅದಕ್ಕೆ ಹಲವು ವರ್ಷಗಳ ಸೊಪ್ಪಿನ ದಾಸ್ತಾನು ಬೇಕು. ಮೊದಲ ಸ್ಥಾನ ಬಂದ ಬಳಿಕ ಬೇಡಿಕೆ ಒಮ್ಮೆಲೇ ಏರಿದಾಗ ಈ ದಾಸ್ತಾನಿಗೆ ಪರೀಕ್ಷೆ ಎದುರಾಗುತ್ತದೆ. ಹಳತಾಗದ ಎಲೆಯನ್ನು ಅವಸರದಲ್ಲಿ ಬಳಸಿದರೆ ಮುಂದಿನ ಡಬ್ಬಿಗಳಲ್ಲಿ ಒಗರು ಕಾಣಿಸಿಕೊಳ್ಳುತ್ತದೆ. ಇನ್ನೊಂದೆಡೆ, ಪಟ್ಟಿಗೆ ಬಂದ ಅದೇ ಡಬ್ಬಿಯನ್ನು ಚೆನ್ನಾಗಿ ಕಾಪಿಟ್ಟರೆ ಎರಡು ವರ್ಷದಲ್ಲಿ ಖಾರ ತಗ್ಗಿ ನಯ ಹೆಚ್ಚುವುದೂ ಉಂಟು. ಕ್ಯೂಬಾದ ಸಿಗಾರಾದರೆ ಡಬ್ಬಿಯನ್ನು ಮಗುಚಿ ತಳ ನೋಡಿ. ಅಲ್ಲಿ ಕಾರ್ಖಾನೆಯ ಗುಪ್ತಸಂಕೇತದ ಜೊತೆಗೆ ಡಬ್ಬಿ ಕಟ್ಟಿದ ತಿಂಗಳ ಸ್ಪ್ಯಾನಿಷ್ ಹೆಸರಿನ ಮೊದಲ ಮೂರು ಅಕ್ಷರಗಳೂ ಇಸವಿಯ ಕೊನೆಯ ಎರಡು ಅಂಕೆಗಳೂ ಮುದ್ರೆಯಾಗಿರುತ್ತವೆ. ಪತ್ರಿಕೆ ಪರೀಕ್ಷಿಸಿದ ಡಬ್ಬಿಯ ತಿಂಗಳು ವಿಮರ್ಶೆಯಲ್ಲಿ ಅಚ್ಚಾಗಿದ್ದರೆ, ಹಣ ಕೊಡುವ ಮೊದಲು ಎರಡನ್ನೂ ಹೋಲಿಸಿ ನೋಡಿ.